ಹನಿ ನಿಲ್ಲಿಸಲು ಹೊಡೆಸಿದ ಡಮ್ಮಿ

ಬೆಟಗೇರಿಯ ನಮ್ಮ ಬಚ್ಚಲಮನೆಯ 15 ಲೀಟರಿನ ಗೀಜರಿನ ಒತ್ತಡ ಬಿಡುವ ವಾಲ್ವು ದಿನಾ ಬೆಳಿಗ್ಗೆ ಹನಿಯುತ್ತಿತ್ತು. ಸ್ವಿಚ್ ಹಾಕಿದ ಮೇಲೆ ಶುರು, ಆರಿಸಿದ ಸ್ವಲ್ಪ ಹೊತ್ತಿಗೆ ಬಂದ್. ಅದರಿಂದಲೇ ನನಗೆ ತಿಳಿಯಬೇಕಿತ್ತು. ಆದರೆ ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿ ನಮ್ಮದು. ಒಂದು ಹನಿ ಹರಿದು ಹೋದರೂ ಹೊಟ್ಟೆ ಉರಿಯುತ್ತದೆ. ಲಕ್ಷ್ಮೇಶ್ವರದಿಂದ ಬಂದಿದ್ದ ತಮ್ಮ, "ಅಕ್ಕಾ, ಆ ವಾಲ್ವಿಗೆ ಒಂದ್ ಡಮ್ಮಿ ಹೊಡಿಸಿಬಿಡು, ಮುಗೀತು" ಅಂದ. ಪ್ಲಂಬರ್ ಏನೂ ಕೇಳದೆ ವಾಲ್ವಿನ ಬಾಯಿ ಮುಚ್ಚುವ ಆ ಬಿರಡೆ ಹೊಡೆದು ರೊಕ್ಕ ಇಸಿದುಕೊಂಡು ಹೋದ. ಅತ್ತೆ ಒಬ್ಬರೇ, "ಹಂಡೇದಾಗ ಉಗಿ ಹೋಗಾಕ ದಾರಿ ಇರ್ತೈತಿ, ಇದರ ಬಾಯಿ ಯಾಕ ಮುಚ್ಚತೀರಿ?" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರು ವಾರ ಹನಿ ಬೀಳಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಗೀಜರ್ ಹಾಕಿ, ಹೋಳಿಗೆಗೆ ಬೇಳೆ ಇಟ್ಟು ಅಡುಗೆಮನೆಯಲ್ಲಿದ್ದೆ. ಅರಳು ಹುರಿದಂತೆ ಪಟಪಟ ಸಪ್ಪಳ ಕೇಳಿಸಿತು. ಒಲೆಯದೇ ಇರಬೇಕೆಂದು ಉರಿ ಸಣ್ಣ ಮಾಡಿದೆ. ಸಪ್ಪಳ ನಿಲ್ಲಲಿಲ್ಲ, ಗೊರಗೊರ ಅನ್ನತೊಡಗಿತು. ಬಚ್ಚಲಿಗೆ ಓಡಿದರೆ ಅತ್ತೆ ಆಗಲೇ ಮಣೆಯ ಮೇಲೆ ಕೂತು ನಳಕ್ಕೆ ಕೈ ಚಾಚುತ್ತಿದ್ದಾರೆ, ನಳದ ಬಾಯಿಂದ ಬುಸ್ ಎಂದು ಉಗಿ! ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ರಟ್ಟೆ ಹಿಡಿದು ಎಳೆದೆ. "ಏನವಾ ಇದು" ಎನ್ನುತ್ತ ಎದ್ದರು. ಸ್ವಿಚ್ ಗೀಜರಿನ ಕೆಳಗೇ ಇತ್ತು, ಅಲ್ಲಿಗೆ ಹೋಗುವ ಧೈರ್ಯವಾಗಲಿಲ್ಲ. ಪಡಸಾಲೆಗೆ ಓಡಿ ಮೀಟರ್ ಬೋರ್ಡಿನ ಎಂಸಿಬಿ ಇಳಿಸಿದೆ. ಕೈ ಇನ್ನೂ ಬೋರ್ಡಿನ ಮೇಲಿತ್ತು, ಹಿಂದೆ ಢಬ್ ಎಂದಿತು. ತಳದ ರಬ್ಬರ್ ಗ್ಯಾಸ್ಕೆಟ್ ಕಿತ್ತು ಕುದಿನೀರೆಲ್ಲ ಮಣೆಯ ಮೇಲೆ ಸುರಿದಿತ್ತು. ಪ್ಲಾಸ್ಟಿಕ್ ತಂಬಿಗೆ ಸೊಟ್ಟಗಾಗಿತ್ತು. ಆ ಮಣೆಯನ್ನು ನೋಡಿದಾಗ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಮುಂಡರಗಿಯಲ್ಲಿ ಎಲೆಕ್ಟ್ರಿಕ್ ಕೆಲಸ ಮಾಡುವ ದೊಡ್ಡಪ್ಪನ ಮಗ ಬಂದು ಬಿಚ್ಚಿದ. ಬೋರಿನ ಸವುಳು ನೀರಿನಿಂದ ಕಾಯಿಲಿನ ಮೇಲೆ ಸುಣ್ಣ ಬೆರಳುದಪ್ಪ ಕಟ್ಟಿತ್ತು. ಪಟಪಟ ಅನ್ನುತ್ತಿದ್ದದ್ದು ಅದರಡಿ ಸಿಕ್ಕ ನೀರು. ಥರ್ಮೋಸ್ಟಾಟಿನ ಪಾಯಿಂಟ್ ಅಂಟಿಕೊಂಡು ಕರೆಂಟ್ ಕಡಿಯುತ್ತಲೇ ಇರಲಿಲ್ಲ. ಅದು ಕೆಟ್ಟಾಗ ಕಾಯಬೇಕಾದ ಕಟೌಟನ್ನು ಹಿಂದೆ ರಿಪೇರಿಗೆ ಬಂದವನೊಬ್ಬ ಬಿಟ್ಟು ವೈರ್ ನೇರ ಜೋಡಿಸಿದ್ದ. ಉಳಿದಿದ್ದ ಒಂದೇ ಕಾವಲು ಆ ವಾಲ್ವು. ಅದನ್ನು ನಾನೇ ಮುಚ್ಚಿಸಿದ್ದೆ. 15 ಲೀಟರ್ ನೀರು ಕಾದರೆ ಕಾಲು ಲೀಟರಿಗಿಂತ ಹೆಚ್ಚು ಉಬ್ಬುತ್ತದಂತೆ. ಅಷ್ಟೂ ದಿನ ಹನಿಯುತ್ತಿದ್ದದ್ದು ಆ ಉಬ್ಬಿದ ನೀರು.

ಗೀಜರ್ ಹನಿಯತೊಡಗಿದರೆ ನೀವು ಮಾಡಬೇಕಾದದ್ದು ಇಷ್ಟು. ಮೊದಲು ಎಂಸಿಬಿ ಇಳಿಸಿ. ನೀರು ತಣ್ಣಗಾದ ಮೇಲೆ ಎಲ್ಲ ಒರೆಸಿ, ಒಂದೊಂದು ಜೋಡಣೆಗೂ ಹಳೆ ಪೇಪರ್ ಸುತ್ತಿ, ಯಾವುದು ಮೊದಲು ತೊಯ್ಯುತ್ತದೆ ನೋಡಿ. ಕಾಯುವಾಗ ಮಾತ್ರ ವಾಲ್ವು ಹನಿಸಿದರೆ ಅದು ತನ್ನ ಕೆಲಸ ಮಾಡುತ್ತಿದೆ, ಸಣ್ಣ ಪೈಪ್ ಹಾಕಿ ಬಕೆಟ್ಟಿಗೆ ಬಿಡಿ. ತಣ್ಣಗಿದ್ದಾಗಲೂ ನಿಲ್ಲದಿದ್ದರೆ ಹೊಸ ವಾಲ್ವು ಹಾಕಿಸಿ. ತಳದ ಮುಚ್ಚಳದಿಂದ ಬಂದರೆ ಬಹಳ ಸಲ ಗ್ಯಾಸ್ಕೆಟ್. ತುಕ್ಕು ಬಣ್ಣದ ನೀರು ಬಂದರೆ ಟ್ಯಾಂಕೇ ತೂತಾಗಿರಬಹುದು, ಅದಕ್ಕೆ ಎಂ-ಸೀಲ್ ಮೆತ್ತಿ ದಿನ ದೂಡಬೇಡಿ. ಟ್ಯಾಂಕಿನ ಬದಲು ತಾನು ಸವೆಯುವ ಮೆಗ್ನೀಸಿಯಂ ರಾಡೊಂದು ಒಳಗಿರುತ್ತದೆ. ಬೋರಿನ ನೀರಿನವರು ಅದನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಆರು ವರ್ಷ ನಾನು ನೋಡಿಸಿರಲಿಲ್ಲ. ನಮ್ಮದರಲ್ಲಿ ತಂತಿಯಷ್ಟೇ ಉಳಿದಿತ್ತು.

ಪಂಚಮಿಗೆ ಕರೆಯಲು ಬಂದ ತಮ್ಮನನ್ನು ಬಚ್ಚಲಿಗೆ ಕರೆದೊಯ್ದು ಕಿತ್ತುಹೋದ ಗ್ಯಾಸ್ಕೆಟ್ ಕೈಗಿಟ್ಟೆ. ಮಾತಾಡಲಿಲ್ಲ, ಚಹಾನೂ ಪೂರ್ತಿ ಕುಡಿಯದೆ ಲಕ್ಷ್ಮೇಶ್ವರಕ್ಕೆ ಫೋನ್ ಹಚ್ಚಿದ. "ಗೀಜರ್ ಹಾಕಬ್ಯಾಡ, ಹುಡುಗರನ್ನ ಬಚ್ಚಲಕ್ಕ ಬಿಡಬ್ಯಾಡ, ನಾ ಬರೂತನಕಾ" ಎಂದು ಹೆಂಡತಿಗೆ ಹೇಳುತ್ತಿದ್ದ. ಅವನ ಮನೆಯಲ್ಲೂ ಎರಡು ವರ್ಷದಿಂದ ಅದೇ ಡಮ್ಮಿ ಇತ್ತು.