ಮ್ಯಾಡಿಸನ್ ಕೌಂಟಿ: ಮಾಡು ಹೊದ್ದ ಸೇತುವೆಗಳು ಮತ್ತು ಸುಣ್ಣಕಲ್ಲಿನ ಊರು

ಸೇತುವೆಗೆ ಮಾಡು ಯಾಕೆ? ಅಮೆರಿಕದ ಅಯೋವಾ ರಾಜ್ಯದ ಮ್ಯಾಡಿಸನ್ ಕೌಂಟಿಯಲ್ಲಿ ಹೊಳೆಯ ಮೇಲೆ ಗೋಡೆ, ಸೂರು ಎಲ್ಲ ಇರುವ ಕೆಂಪು ಬಣ್ಣದ ಮರದ ಸೇತುವೆ ಕಂಡಾಗ ಮೊದಲು ಹುಟ್ಟುವ ಪ್ರಶ್ನೆ ಇದೇ. ದಾರಿಹೋಕರು ನೆನೆಯಬಾರದೆಂದು ಕಟ್ಟಿದ್ದಲ್ಲ. 19ನೇ ಶತಮಾನದಲ್ಲಿ ಇಲ್ಲಿನ ಕೌಂಟಿ ಮಂಡಳಿ ಹಾಕಿದ ಲೆಕ್ಕ ಬಹಳ ಸರಳವಾಗಿತ್ತು. ನೆಲಕ್ಕೆ ಹಾಸುವ ದಪ್ಪ ಮರಗಳು ದುಬಾರಿ, ಪಕ್ಕಕ್ಕೂ ಮಾಡಿಗೂ ಬಡಿಯುವ ಹಲಗೆಗಳು ಅಗ್ಗ. ಮಳೆ, ಹಿಮವನ್ನೆಲ್ಲ ಹಲಗೆಗಳೇ ತಡೆದುಕೊಂಡರೆ ಒಳಗಿನ ಮರ ಬಾಳುತ್ತದೆ. ಹಲಗೆ ಲಡ್ಡಾದಾಗ ಹೊಸದು ಬಡಿದರಾಯಿತು.

ಹೀಗೆ ಉಳಿತಾಯಕ್ಕೆಂದು ಕಟ್ಟಿದ 19 ಸೇತುವೆಗಳಲ್ಲಿ ಇಂದು 6 ಇವೆ. ರಾಬರ್ಟ್ ಜೇಮ್ಸ್ ವಾಲರ್ 1992ರಲ್ಲಿ ಬರೆದ ‘ದಿ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ’ ಕಾದಂಬರಿ, ಅದನ್ನು ಆಧರಿಸಿ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ಮೆರಿಲ್ ಸ್ಟ್ರೀಪ್ ಜೊತೆ ನಟಿಸಿದ 1995ರ ಚಿತ್ರ ಇವುಗಳನ್ನು ಲೋಕಪ್ರಸಿದ್ಧ ಮಾಡಿದವು. ಆದರೆ ಸೇತುವೆಗಳ ಉತ್ಸವ ಇಲ್ಲಿ 1970ರಲ್ಲೇ ಶುರುವಾಗಿತ್ತು. 1976ರಲ್ಲೇ ಅವು ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿಗೆ ಸೇರಿದ್ದವು. ಸಿನಿಮಾ ಬರುವ ಮೊದಲೇ ಈ ರೈತರ ಸೀಮೆ ತನ್ನ ಹಳೆಯ ಕಟ್ಟಡಗಳ ಬೆಲೆ ಅರಿತಿತ್ತು. ಎರಡು ಸೇತುವೆಯ ಮುಂದೆ ಫೋಟೊ ತೆಗೆಸಿಕೊಂಡು ಅರ್ಧ ದಿನದಲ್ಲಿ ಹಿಂದಿರುಗಿದರೆ ಈ ಸಂಗತಿ ಅರಿವಿಗೇ ಬರುವುದಿಲ್ಲ. ಎರಡು ದಿನ ಇಟ್ಟುಕೊಳ್ಳಬೇಕು.

ಹೋಗುವುದು ಕಷ್ಟವಲ್ಲ. ರಾಜಧಾನಿ ಡೆ ಮೊಯ್ನ್‌ಗೆ ವಿಮಾನದಲ್ಲಿ ಬಂದು ಅಲ್ಲಿಂದ ಕಾರು ಬಾಡಿಗೆಗೆ ಪಡೆಯಬೇಕು. ಶಿಕಾಗೊದಲ್ಲಿ ನೆಂಟರಿದ್ದವರು ಅಂತರರಾಜ್ಯ ಹೆದ್ದಾರಿ 80 ಹಿಡಿದು ಐದಾರು ಗಂಟೆಯಲ್ಲಿ ಡೆ ಮೊಯ್ನ್ ತಲುಪಬಹುದು. ಕೌಂಟಿಯ ಆಡಳಿತ ಕೇಂದ್ರವಾದ ವಿಂಟರ್‌ಸೆಟ್ ಅಲ್ಲಿಂದ ನೈಋತ್ಯಕ್ಕೆ ಸುಮಾರು 35 ಮೈಲಿ, ಅಂದರೆ ಮುಕ್ಕಾಲು ಗಂಟೆಯ ದಾರಿ. ಸ್ವಂತ ವಾಹನವಿಲ್ಲದೆ ಇಲ್ಲಿ ಏನನ್ನೂ ನೋಡಲಾಗದು; ಸೇತುವೆಯಿಂದ ಸೇತುವೆಗೆ ಹೋಗುವ ಬಸ್ಸಿಲ್ಲ. ಭಾರತದಿಂದ ಹೋಗುವವರು ತಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಂಡಿದ್ದರೆ ಕಾರು ಪಡೆಯುವಾಗ ತಕರಾರು ಕಡಿಮೆ. ಹಲವು ಕಡೆ ಜಲ್ಲಿ ರಸ್ತೆ. ಮೆಕ್ಕೆಜೋಳ ಎತ್ತರಕ್ಕೆ ಬೆಳೆದ ತಿಂಗಳುಗಳಲ್ಲಿ ಅಡ್ಡರಸ್ತೆಯಿಂದ ಬರುವ ಗಾಡಿ ಕಾಣುವುದೇ ಇಲ್ಲ, ಹಾಗಾಗಿ ಪ್ರತಿ ಕೂಡುದಾರಿಯಲ್ಲೂ ನಿಧಾನಿಸಲೇಬೇಕು.

ಮೊದಲ ಬೆಳಗ್ಗೆ ವಿಂಟರ್‌ಸೆಟ್‌ನ ಚೌಕದಲ್ಲಿ ಕಳೆಯುವುದು ಒಳ್ಳೆಯದು. 5 ಸಾವಿರ ಚಿಲ್ಲರೆ ಜನರ ಈ ಪಟ್ಟಣದ ನಟ್ಟನಡುವೆ ಕೌಂಟಿ ಕೋರ್ಟ್‌ಹೌಸ್ ನಿಂತಿದೆ. ಸ್ಥಳೀಯ ಸುಣ್ಣಕಲ್ಲಿನಲ್ಲಿ ಕಟ್ಟಿದ, ನಾಲ್ಕೂ ದಿಕ್ಕಿಗೆ ಚಾಚಿಕೊಂಡ, ಮೇಲೊಂದು ಗುಮ್ಮಟ ಹೊತ್ತ ಕಟ್ಟಡ. ಹಳೆಯ ಕೋರ್ಟ್‌ಹೌಸ್ 1875ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಇದನ್ನು ಕಟ್ಟಿದರು. ವಿನ್ಯಾಸ ಮಾಡಿದ ಆಲ್‌ಫ್ರೆಡ್ ಪಿಕೆನಾರ್ ಸಾಮಾನ್ಯ ಶಿಲ್ಪಿಯಲ್ಲ, ಅಯೋವಾ ಮತ್ತು ಇಲಿನಾಯ್ ರಾಜ್ಯಗಳ ಶಾಸನಸಭಾ ಭವನಗಳ ವಿನ್ಯಾಸದಲ್ಲೂ ಆತನ ಕೈಯಿತ್ತು. ಹೊಲಗಳ ನಡುವಿನ ಸಣ್ಣ ಊರೊಂದು ರಾಜಧಾನಿಯ ವಾಸ್ತುಶಿಲ್ಪಿಯನ್ನೇ ಕರೆಸಿಕೊಂಡಿತೆಂದರೆ ಆ ಕಾಲದ ಜನರ ಹುಮ್ಮಸ್ಸು ತಿಳಿಯುತ್ತದೆ. ಕಟ್ಟಡದ ಸುತ್ತ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ, ಕಲ್ಲಿನ ಮೇಲೆ ಉಳಿಯ ಗುರುತುಗಳನ್ನು ಹತ್ತಿರದಿಂದ ನೋಡಬೇಕು.

ಚೌಕದ ಉತ್ತರ ಬದಿಯಲ್ಲಿರುವ ನಾರ್ತ್‌ಸೈಡ್ ಕೆಫೆ 1876ರಷ್ಟು ಹಳೆಯದು. ಸಿನಿಮಾದ ಹೋಟೆಲ್ ದೃಶ್ಯವನ್ನು ಚಿತ್ರೀಕರಿಸಿದ್ದು ಇಲ್ಲೇ. ಚೌಕದಲ್ಲಿ ಕೌದಿ ಕಲೆಗೆ ಮೀಸಲಾದ ಅಯೋವಾ ಕ್ವಿಲ್ಟ್ ಮ್ಯೂಸಿಯಂ ಕೂಡ ಇದೆ. ಕೌದಿ ಹೊಲಿಯುವ ಕೈಗಳನ್ನು ಮನೆಯಲ್ಲಿ ಕಂಡ ಉತ್ತರ ಕರ್ನಾಟಕದವರು ಅಲ್ಲಿಂದ ಬೇಗ ಹೊರಡಲಾರರು.

ಚೌಕದಿಂದ ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕು ಕೋಣೆಯ ಬಿಳಿ ಮನೆಯೊಂದಿದೆ. ಔಷಧಿ ಅಂಗಡಿಯಲ್ಲಿ ದುಡಿಯುತ್ತಿದ್ದವನ ಮಗನಾಗಿ 1907ರ ಮೇ 26ರಂದು ಇಲ್ಲಿ ಹುಟ್ಟಿದ ಮೇರಿಯನ್ ರಾಬರ್ಟ್ ಮಾರಿಸನ್ ಮುಂದೆ ಜಾನ್ ವೇನ್ ಆಗಿ ಹಾಲಿವುಡ್ ಆಳಿದ. ಪಕ್ಕದ ಮ್ಯೂಸಿಯಂ 2015ರಲ್ಲಿ ತೆರೆಯಿತು. ಅದಕ್ಕೆ ಟಿಕೆಟ್ ಉಂಟು. ಕೌಬಾಯ್ ಚಿತ್ರಗಳ ಅಭಿಮಾನಿಗಳಲ್ಲದವರು ಮ್ಯೂಸಿಯಂ ಬಿಟ್ಟರೂ ನಷ್ಟವಿಲ್ಲ, ಆದರೆ ಆ ಪುಟ್ಟ ಮನೆಯನ್ನು ನೋಡಬೇಕು. ಅಂದಿನ ಸಾಧಾರಣ ಸಂಸಾರ ಎಷ್ಟು ಜಾಗದಲ್ಲಿ ಬದುಕುತ್ತಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ.

ಅದಕ್ಕಿಂತ ಕಡಿಮೆ ಜನ ಕಾಲಿಡುವ ಜಾಗ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರಿನ ಸಣ್ಣ ಉದ್ಯಾನ. ಕಡಲೆಕಾಯಿಯ ಸಂಶೋಧನೆಗೆ ಹೆಸರಾದ ಈ ವಿಜ್ಞಾನಿ ಮಿಸೌರಿಯಲ್ಲಿ ಗುಲಾಮರ ಮಗನಾಗಿ ಹುಟ್ಟಿದವರು. 1880ರ ದಶಕದ ಕೊನೆಯಲ್ಲಿ ವಿಂಟರ್‌ಸೆಟ್‌ಗೆ ಬಂದು ಹೋಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದರು. ಇಲ್ಲಿ ಪರಿಚಯವಾದ ಮಿಲ್‌ಹಾಲೆಂಡ್ ದಂಪತಿ ಒತ್ತಾಯಿಸಿದ್ದರಿಂದ ಕಾಲೇಜಿಗೆ ಸೇರುವ ಧೈರ್ಯ ಮಾಡಿದರು. 1890ರಲ್ಲಿ ಪಕ್ಕದ ಕೌಂಟಿಯ ಸಿಂಪ್ಸನ್ ಕಾಲೇಜು ಸೇರಿದರು. ದೊಡ್ಡ ಕಟ್ಟಡವೇನೂ ಇಲ್ಲದ ಈ ಉದ್ಯಾನವೇ ಪಟ್ಟಣದ ಅತ್ಯಂತ ಮಹತ್ವದ ಜಾಗವೆಂದರೆ ತಪ್ಪಾಗದು.

ಮಧ್ಯಾಹ್ನದ ಮೇಲೆ ಸೇತುವೆಗಳು. ಕಟ್ಲರ್-ಡೊನಹೋ ಸೇತುವೆಯಿಂದ ಆರಂಭಿಸಿದರೆ ಉಳಿದವನ್ನು ಅರ್ಥ ಮಾಡಿಕೊಳ್ಳುವುದು ಸುಲಭ. 1870ರ ಸುಮಾರಿಗೆ ಎಲಾಯ್ ಕಾಕ್ಸ್ ಕಟ್ಟಿದ ಇದನ್ನು 1970ರಲ್ಲಿ ವಿಂಟರ್‌ಸೆಟ್ ಸಿಟಿ ಪಾರ್ಕಿಗೆ ತಂದು ನಿಲ್ಲಿಸಿದ್ದಾರೆ. ಉದ್ದ 79 ಅಡಿ. ಒಳಗೆ ನಿಂತು ಪಕ್ಕದ ಗೋಡೆಗಳನ್ನು ನೋಡಬೇಕು. ಬಿದಿರಿನ ತಟ್ಟಿ ಹೆಣೆದ ಹಾಗೆ ಓರೆ ಹಲಗೆಗಳು ಒಂದರ ಮೇಲೊಂದು ಹಾಯ್ದು, ಸೇರುವ ಕಡೆಯೆಲ್ಲ ಮರದ ಗೂಟಗಳಿಂದ ಬಿಗಿಗೊಂಡಿವೆ. ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಪೇಟೆಂಟ್ ಪಡೆದ ವಿಧಾನವಿದು. ಭಾರಿ ತೊಲೆಗಳು, ನುರಿತ ಬಡಗಿಗಳು ಸಿಗದ ಹಳ್ಳಿಯಲ್ಲೂ ಸಾಧಾರಣ ಹಲಗೆಗಳಿಂದಲೇ ಹೊಳೆ ದಾಟಿಸಬಹುದಿತ್ತು. ಅದೇ ಪಾರ್ಕಿನ ಗುಡ್ಡದ ಮೇಲೆ, ಕೌಂಟಿಗೆ ಮೊದಲು ಬಂದು ನೆಲೆಸಿದ ಕ್ಲಾರ್ಕ್ ಮನೆತನದ ನೆನಪಿಗೆ 1926ರಲ್ಲಿ ಕಟ್ಟಿದ 25 ಅಡಿಯ ಕಲ್ಲಿನ ಗೋಪುರವಿದೆ. ಹೋಗುವ ದಾರಿ ಕಿರಿದು, ಕಡಿದು. ಮಳೆ ಬಂದಾಗ ಕಾರು ಕೆಳಗೇ ಬಿಟ್ಟು ನಡೆಯುವುದು ಲೇಸು.

ಮಿಕ್ಕವುಗಳಲ್ಲಿ ನಾಲ್ಕು ಬೆಂಟನ್ ಜೋನ್ಸ್ ಎಂಬೊಬ್ಬನೇ ಕಟ್ಟಿದವು. ಅವಕ್ಕೆ ಚಪ್ಪಟೆ ಮಾಡು. ಕಟ್ಲರ್-ಡೊನಹೋದ ಇಳಿಜಾರು ಮಾಡನ್ನು ಮೊದಲೇ ನೋಡಿದ್ದರೆ ವ್ಯತ್ಯಾಸ ಕೂಡಲೇ ಹೊಳೆಯುತ್ತದೆ. 1880ರ ಹಾಲಿವೆಲ್ 122 ಅಡಿಯಿದ್ದು ಆರರಲ್ಲೂ ಉದ್ದನೆಯದು. ವಿಂಟರ್‌ಸೆಟ್‌ನ ಆಗ್ನೇಯಕ್ಕೆ ಮಿಡಲ್ ರಿವರ್ ಮೇಲಿದೆ. 1884ರ ಹಾಗ್‌ಬ್ಯಾಕ್ ಉತ್ತರದಲ್ಲಿ ನಾರ್ತ್ ರಿವರ್ ಮೇಲೆ, ಕಟ್ಟಿದ ಜಾಗದಲ್ಲೇ ಇದೆ. ಸುತ್ತಲೂ ಗದ್ದಲವಿಲ್ಲದ ಕಣಿವೆ. ಒಂದೇ ಸೇತುವೆಗೆ ಸಮಯವಿರುವವರಿಗೆ ಇದೇ ಸರಿ.

ಆದರೆ ಹೆಚ್ಚು ಜನ ಹೋಗುವುದು 1883ರ ರೋಸ್‌ಮನ್‌ಗೆ. ಸಿನಿಮಾದ ನಾಯಕಿ ಚೀಟಿ ಅಂಟಿಸಿ ಬರುವ ಸೇತುವೆ ಅದು. ಊರವರು ಹೇಳುವ ಕಥೆ ಇನ್ನೂ ಹಳೆಯದು. 1892ರಲ್ಲಿ ಕೌಂಟಿ ಜೈಲಿನಿಂದ ತಪ್ಪಿಸಿಕೊಂಡವನೊಬ್ಬನನ್ನು ಬೆನ್ನಟ್ಟಿದ ಎರಡು ತಂಡಗಳು ಸೇತುವೆಯ ಎರಡೂ ತುದಿಯಿಂದ ಒಳಗೆ ನುಗ್ಗಿದವಂತೆ. ಆತ ವಿಕಾರವಾಗಿ ಕೂಗಿ, ಮಾಡನ್ನು ಸೀಳಿಕೊಂಡು ಮೇಲೆದ್ದು ಮಾಯವಾದನಂತೆ. ಮತ್ತೆ ಸಿಗಲೇ ಇಲ್ಲ. ಹಾಗೆ ಹಾರಿಹೋಗಬಲ್ಲವನು ನಿರಪರಾಧಿಯೇ ಇರಬೇಕೆಂದು ಜನ ತೀರ್ಮಾನಿಸಿದರು! ಸಂಜೆ ಬೆಳಕು ಹಲಗೆಗಳ ಸಂದಿಯಿಂದ ಒಳಗೆ ಬೀಳುವ ಹೊತ್ತಿಗೆ ಹೋದರೆ ಕಥೆ ನಂಬುವುದು ಕಷ್ಟವಾಗದು.

1870ರ ಐಮ್ಸ್ ಸೇತುವೆ ಅತಿ ಹಳೆಯವುಗಳಲ್ಲೊಂದು. ಜಾಗ ಬದಲಿಸುತ್ತ ಬಂದು 1977ರಲ್ಲಿ ಸೇಂಟ್ ಚಾರ್ಲ್ಸ್ ಊರ ಅಂಚಿನಲ್ಲಿ ನೆಲೆಗೊಂಡಿತು. ಅಂತರರಾಜ್ಯ ಹೆದ್ದಾರಿ 35ಕ್ಕೆ ಹತ್ತಿರವಿರುವ ಕಾರಣ ಇದನ್ನು ಹಿಂದಿರುಗುವ ದಾರಿಗೆ ಉಳಿಸಿಕೊಳ್ಳಬಹುದು.

ಎರಡನೆಯ ದಿನವನ್ನು ಕಲ್ಲಿನ ಕಟ್ಟಡಗಳಿಗೆ ಕೊಡಬೇಕು. ವಿಂಟರ್‌ಸೆಟ್‌ನ ಕೌಂಟಿ ಐತಿಹಾಸಿಕ ಸಂಕೀರ್ಣದಲ್ಲಿ 1856ರ ಬೆವಿಂಗ್ಟನ್ ಮನೆ, ಅದರ ಕಲ್ಲಿನ ಕೊಟ್ಟಿಗೆ, ಬೇರೆಡೆಯಿಂದ ತಂದಿಟ್ಟ ಹಳೆಯ ಕಟ್ಟಡಗಳು ಒಂದೇ ಆವರಣದಲ್ಲಿ ನೋಡಸಿಗುತ್ತವೆ. ಪಟ್ಟಣದ ಉತ್ತರಕ್ಕೆ 1874ರ ನಾರ್ತ್ ರಿವರ್ ಶಾಲೆಯಿದೆ, ಒಂದೇ ಕೋಣೆಯದು, ಪೂರ್ತಿ ಸುಣ್ಣಕಲ್ಲಿನದು. ಚಳಿಗಾಲದಲ್ಲಿ ಇಂಥವೆಲ್ಲ ಮುಚ್ಚಿರುವುದುಂಟು, ಹೊರಡುವ ಮೊದಲು ವೇಳಾಪಟ್ಟಿ ವಿಚಾರಿಸಿಕೊಳ್ಳಬೇಕು.

ಕೌಂಟಿಯ ಈಶಾನ್ಯ ಮೂಲೆಯಲ್ಲಿ, ಐರಿಷ್ ವಲಸಿಗರು ನೆಲೆಸಿದ ಸೀಮೆಯಲ್ಲಿ, ಹೊಲಗಳ ನಡುವೆ ಸೇಂಟ್ ಪ್ಯಾಟ್ರಿಕ್ಸ್ ಎಂಬ ಚಿಕ್ಕ ಬಿಳಿಯ ಚರ್ಚು ಸಿಗುತ್ತದೆ. 1979ರಲ್ಲಿ ಟ್ರುರೋ ಊರಿನ ರೈತರೊಬ್ಬರು ಪೋಪ್ ಎರಡನೆಯ ಜಾನ್ ಪಾಲ್ ಅವರಿಗೆ ಕೈಬರಹದಲ್ಲಿ ಪತ್ರ ಬರೆದು, ಅಮೆರಿಕಕ್ಕೆ ಬಂದಾಗ ಹಳ್ಳಿಗಾಡನ್ನೂ ನೋಡಿ ಹೋಗಿ ಎಂದು ಕೇಳಿಕೊಂಡರು. ಅಕ್ಟೋಬರ್ 4ರಂದು ಪೋಪ್ ನಿಜಕ್ಕೂ ಈ ಚರ್ಚಿಗೆ ಬಂದರು; ಆಮೇಲೆ ಡೆ ಮೊಯ್ನ್ ಬಳಿ ಲಕ್ಷಗಟ್ಟಲೆ ಜನರ ಎದುರು ಪೂಜೆ ಸಲ್ಲಿಸಿದರು. ಅಂಥ ಘಟನೆಯ ನಂತರವೂ ಇದು ಹಳ್ಳಿಯ ಚರ್ಚಾಗಿಯೇ ಉಳಿದಿದೆ.

ದಕ್ಷಿಣದ ಪೆರು ಹಳ್ಳಿಗೆ ನೋಡುವಂಥ ಕಟ್ಟಡಕ್ಕಾಗಿ ಹೋಗಬೇಕಿಲ್ಲ, ಒಂದು ಸೇಬಿನ ಮರದ ನೆನಪಿಗಾಗಿ ಹೋಗಬೇಕು. 1870ರ ದಶಕದಲ್ಲಿ ಇಲ್ಲಿನ ಜೆಸ್ಸಿ ಹಯಾಟ್ ತೋಟದಲ್ಲಿ ಸಾಲು ತಪ್ಪಿ ಹುಟ್ಟಿದ ಸಸಿಯೊಂದನ್ನು ಕಡಿದರೂ ಅದು ಮತ್ತೆ ಚಿಗುರಿತಂತೆ. ಆತ ಬೆಳೆಯಲು ಬಿಟ್ಟ. ಅದರ ಹಣ್ಣನ್ನು ಮಿಸೌರಿಯ ಸ್ಟಾರ್ಕ್ ಸಹೋದರರ ನರ್ಸರಿ ಮೆಚ್ಚಿ, ಹಕ್ಕು ಕೊಂಡು, ‘ಡೆಲಿಷಿಯಸ್’ ಎಂಬ ಹೆಸರಿನಲ್ಲಿ ಮಾರಿತು. ಫಿಲಡೆಲ್ಫಿಯಾದಿಂದ ಬಂದು ಭಾರತದಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಇದೇ ತಳಿಯನ್ನು ಹಿಮಾಚಲದ ಕೋಟಗಢದಲ್ಲಿ ನೆಟ್ಟರು. ಬೆಂಗಳೂರಿನ, ಹುಬ್ಬಳ್ಳಿಯ ಹಣ್ಣಿನ ಅಂಗಡಿಗೆ ಬರುವ ಹಿಮಾಚಲದ ಡೆಲಿಷಿಯಸ್ ಸೇಬಿನ ತವರು ಈ ಮಣ್ಣು.

ಯಾವಾಗ ಹೋಗಬೇಕು? ಮೇಯಿಂದ ಅಕ್ಟೋಬರ್‌ವರೆಗೆ ಯಾವಾಗಲಾದರೂ ಸರಿ. ಅಕ್ಟೋಬರ್ ಎರಡನೆಯ ವಾರಾಂತ್ಯ ಸೇತುವೆ ಉತ್ಸವ. ಮೇಪಲ್ ಎಲೆ ಕೆಂಪಾಗುವ ಕಾಲವೂ ಅದೇ. ಆಗ ಬರುವವರು ತಿಂಗಳುಗಟ್ಟಲೆ ಮೊದಲೇ ಕೋಣೆ ಕಾದಿರಿಸಬೇಕು, ಇಲ್ಲವೇ ಡೆ ಮೊಯ್ನ್‌ನಲ್ಲಿ ತಂಗಬೇಕು. ವಸಂತದಲ್ಲಿ ಸುಂಟರಗಾಳಿಯ ಭಯ ನಿಜವಾದದ್ದು. 2022ರ ಮಾರ್ಚ್ 5ರಂದು ವಿಂಟರ್‌ಸೆಟ್ ಬಳಿ ಬೀಸಿದ ಸುಂಟರಗಾಳಿ ಜೀವಗಳನ್ನೇ ಬಲಿ ತೆಗೆದುಕೊಂಡಿತು. ಮೊಬೈಲಿಗೆ ಎಚ್ಚರಿಕೆ ಬಂದರೆ ಸೇತುವೆಯೊಳಗೆ ಆಶ್ರಯ ಪಡೆಯದೆ, ಗಟ್ಟಿ ಕಟ್ಟಡದ ನೆಲಮಾಳಿಗೆಗೆ ಇಳಿಯಬೇಕು.

ಊಟದ ವಿಷಯ. ಈ ಸೀಮೆಯ ಹೆಮ್ಮೆ ಹಂದಿಮಾಂಸದ ಅಗಲವಾದ ಟೆಂಡರ್‌ಲಾಯಿನ್ ಸ್ಯಾಂಡ್‌ವಿಚ್. ಸಸ್ಯಾಹಾರಿಗಳಿಗೆ ಪ್ಯಾನ್‌ಕೇಕ್, ಚೀಸ್ ಸ್ಯಾಂಡ್‌ವಿಚ್, ಆಲೂಗಡ್ಡೆ, ಪೈ ಇಷ್ಟರಲ್ಲೇ ಹೊಂದಿಸಿಕೊಳ್ಳಬೇಕಾಗುತ್ತದೆ. ದೋಸೆ ಅನ್ನ ಬೇಕೆಂದರೆ ಡೆ ಮೊಯ್ನ್ ಕಡೆಯ ಭಾರತೀಯ ಹೋಟೆಲುಗಳೇ ಗತಿ. ಬುತ್ತಿ ಕಟ್ಟಿಕೊಂಡು ಹೊರಟವರಿಗೆ ಸಿಟಿ ಪಾರ್ಕಿನ ಮರದ ನೆರಳಿದೆ.

ಕೊನೆಗೆ ಸೀಡರ್ ಸೇತುವೆಯ ಮಾತು. ಇದೂ 1883ರಲ್ಲಿ ಜೋನ್ಸ್ ಕಟ್ಟಿದ್ದು. 2002ರಲ್ಲಿ ಯಾರೋ ಬೆಂಕಿ ಹಚ್ಚಿ ಸುಟ್ಟರು. ಊರವರು ಮೂಲ ವಿನ್ಯಾಸ ನೋಡಿಕೊಂಡೇ 2004ರಲ್ಲಿ ಮತ್ತೆ ಕಟ್ಟಿದರು. 2017ರಲ್ಲಿ ಮತ್ತೆ ಕಿಡಿಗೇಡಿಗಳ ಬೆಂಕಿ. 2019ರಲ್ಲಿ ಮೂರನೆಯ ಸಲ ಕಟ್ಟಿದರು. ಇಂದು ಕಾರಿನಲ್ಲೇ ದಾಟಬಹುದಾದ ಸೇತುವೆ ಇದೊಂದೇ. ಎದುರಿನಿಂದ ಗಾಡಿ ಬರುತ್ತಿದ್ದರೆ ಕಾದು ದಾಟಬೇಕು. ಆರೂ ಸೇತುವೆಗಳಿಗೆ ಟಿಕೆಟ್ಟಿಲ್ಲ, ಬಾಗಿಲಿಲ್ಲ, ಕಾವಲುಗಾರನೂ ಇಲ್ಲ. ಒಣಗಿದ ಆ ಮರದ ಒಳಗೆ ಸಿಗರೇಟು ಹಚ್ಚಬೇಡಿ, ಹಲಗೆಗಳ ಮೇಲೆ ಹೆಸರು ಕೆತ್ತಬೇಡಿ, ಜೊತೆಗೆ ಬಂದವರಿಗೂ ಬಿಡಬೇಡಿ.