"ಅನ್‌ಲಿಮಿಟೆಡ್ ಐತಿಲ್ರೀ?"

ಗದಗ-ಬೆಟಗೇರಿಯಲ್ಲಿ ವೆಬ್‌ಸೈಟ್ ಮಾಡಿಸಲು ಬರುವವರು ಮೊದಲು ರೇಟು ಕೇಳುತ್ತಾರೆ. ಅದು ಮುಗಿದ ಮೇಲೆ "ಅನ್‌ಲಿಮಿಟೆಡ್ ಐತಿಲ್ರೀ?" ಅನ್ನುತ್ತಾರೆ. ಏನು ಅನ್‌ಲಿಮಿಟೆಡ್ ಎಂದರೆ "ಎಲ್ಲಾ" ಎಂಬ ಉತ್ತರ. ಡಿಟಿಪಿ ಮಾಡುತ್ತಲೇ ಈ ಕೆಲಸಕ್ಕೆ ಬಂದವನು ನಾನು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಣ್ಣ ವ್ಯಾಪಾರಸ್ಥರೇ ನನ್ನ ಗಿರಾಕಿಗಳು. ಇವರಲ್ಲಿ ಹೆಚ್ಚಿನವರಿಗೆ ಅನ್‌ಲಿಮಿಟೆಡ್ ಬೇಕಾಗಿಯೇ ಇಲ್ಲ. ಅದನ್ನು ಕೊಳ್ಳಲು ಹೋಸ್ಟಿಂಗ್ ಕಂಪನಿ ಬದಲಿಸಿ, ಚೆಂದ ನಡೆಯುತ್ತಿದ್ದ ಮೇಲ್ ಕಳೆದುಕೊಂಡವರನ್ನು ಮಾತ್ರ ಸಾಕಷ್ಟು ಕಂಡಿದ್ದೇನೆ.

ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರ ಸೈಟು ದೀಪಾವಳಿಯ ಮುಂದೆಯೇ ಬಂದ್ ಆಯಿತು. ತೆರೆದರೆ 509 ಎಂಬ ಅಂಕಿ, ಬ್ಯಾಂಡ್‌ವಿಡ್ತ್ ಮಿತಿ ಮೀರಿದೆ ಎಂಬ ಒಂದು ಸಾಲು. "ಅಣ್ಣಾರ, ಬ್ಯಾರೆ ಕಂಪನಿಗೆ ಹೋಗಿಬಿಡೂಣ್ರೀ" ಎಂದ ಅವರ ಮಗ. ತಡಿಯಪ್ಪಾ ಎಂದೆ. ಸೈಟು ಮತ್ತೆ ತೆರೆದುಕೊಂಡ ಮೇಲೆ ಅವನೆದುರೇ ಕ್ರೋಮ್‌ನಲ್ಲಿ ಎಫ್12 ಒತ್ತಿದೆ. ನೆಟ್‌ವರ್ಕ್ ಎಂಬಲ್ಲಿ ಹೋಗಿ, ಡಿಸೇಬಲ್ ಕ್ಯಾಶ್‌ಗೆ ಟಿಕ್ ಹಾಕಿ, ಪುಟ ಮತ್ತೆ ಲೋಡ್ ಮಾಡಿದರೆ ಎಷ್ಟು ಎಂಬಿ ಇಳಿಯಿತೆಂಬ ಲೆಕ್ಕ ಕೆಳಗೇ ಬರುತ್ತದೆ. ಒಂದು ಪುಟದಲ್ಲಿ 12 ಸೀರೆ. ಫೋನಿನಲ್ಲಿ ತೆಗೆದ ಫೋಟೊ ಹಾಗೇ ಏರಿಸಿದ್ದು, ಒಂದೊಂದೂ ಸುಮಾರು 4 ಎಂಬಿ. ಅಂದರೆ ಪುಟಕ್ಕೆ 48 ಎಂಬಿ. ದಿನಕ್ಕೆ 100 ಜನ ಬಂದು ಎರಡೆರಡು ಪುಟ ನೋಡಿದರೂ 9.6 ಜಿಬಿ, ತಿಂಗಳಿಗೆ 288 ಜಿಬಿ! ಅದೇ ಫೋಟೊಗಳ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಮಾಡಿ, ಒಂದೊಂದನ್ನೂ 150 ಕೆಬಿ ಆಸುಪಾಸಿಗೆ ತಂದೆವು. ಪುಟ 1.8 ಎಂಬಿಗೆ ಬಂತು, ತಿಂಗಳ ಲೆಕ್ಕ 11 ಜಿಬಿಯೊಳಗೆ ನಿಂತಿತು. ಜರಿಯ ಹೊಳಪು ಫೋನಿನಲ್ಲಿ ಮೊದಲಿನಷ್ಟೇ ಕಂಡಿತು. ಹಳೆಯ ಪ್ಲಾನೇ ಸಾಕಾಯಿತು.

ಲೆಕ್ಕ ಇಷ್ಟೇ: ಪುಟದ ತೂಕ, ಒಬ್ಬರು ನೋಡುವ ಪುಟಗಳು, ದಿನದ ಜನ, 30 ದಿನ, ಇವನ್ನು ಗುಣಿಸಬೇಕು. ಬಂದ ಉತ್ತರವನ್ನು ನಾನು ಎರಡರಿಂದ ಮತ್ತೆ ಗುಣಿಸುತ್ತೇನೆ. ಸರ್ಚ್ ಎಂಜಿನ್‌ಗಳ ರೋಬೋಟ್‌ಗಳೂ ಜಿಬಿ ತಿನ್ನುತ್ತವೆ, ಹಬ್ಬ-ಲಗ್ನದ ಸೀಸನ್‌ನಲ್ಲಿ ಜನವೂ ಏರುತ್ತಾರೆ. ಸೈಟು ಈಗಾಗಲೇ ನಡೆಯುತ್ತಿದ್ದರೆ ಅಂದಾಜೇ ಬೇಡ. ಹೋಸ್ಟಿಂಗಿನ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ನ ಎಡಬ್ಲ್ಯುಸ್ಟ್ಯಾಟ್ಸ್ ಜನರದ್ದೆಷ್ಟು, ರೋಬೋಟ್‌ಗಳದ್ದೆಷ್ಟು ಎಂದು ಬೇರೆ ಬೇರೆ ತೋರಿಸುತ್ತದೆ.

ಸ್ಪೀಡು ಮತ್ತು ತಿಂಗಳ ಜಿಬಿ ಎರಡನ್ನೂ ಒಂದೇ ಎಂದುಕೊಳ್ಳುವವರಿಗೆ ನಾನು ನಲ್ಲಿ ನೀರಿನ ಮಾತು ಹೇಳುತ್ತೇನೆ. ವಾರಗಟ್ಟಲೆ ಕಾದು ನೀರು ತುಂಬಿಕೊಳ್ಳುವ ನಮ್ಮೂರಿನವರಿಗೆ ಪೈಪಿನ ದಪ್ಪ ಬೇರೆ, ಸಂಪು ತುಂಬಿದ್ದು ಬೇರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಲಕ್ಷ್ಮೇಶ್ವರದ ನಿವೃತ್ತ ಮೇಷ್ಟ್ರೊಬ್ಬರ ಸೈಟಿನ ತೊಂದರೆ ಬೇರೆಯದು. ಸೋಮೇಶ್ವರ ಗುಡಿ, ಊರಿನ ಶಾಸನಗಳ ಮೇಲೆ ಅವರು ಒಳ್ಳೆಯ ಲೇಖನ ಬರೆದಿದ್ದರು. ಎಲ್ಲವೂ ಚಿತ್ರಗಳಾಗಿದ್ದವು! ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಗೇ ಸೈಟಿಗೆ ಹಾಕಿದರೆ, ಆ ಫಾಂಟು ಇಲ್ಲದ ಫೋನಿನಲ್ಲಿ ಟೋಪಿ-ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಅದಕ್ಕೇ ಡಿಟಿಪಿ ಹುಡುಗ ಪುಟಪುಟವನ್ನೂ ಜೆಪೆಗ್ ಮಾಡಿ ಏರಿಸಿದ್ದ. ಪ್ರಿಂಟಿಂಗ್ ಪ್ರೆಸ್ಸಿಗೆ ಹೆಸರಾದ ಗದಗ ಸೀಮೆಯಲ್ಲಿ ಇದು ಮಾಮೂಲು.

ಇದಕ್ಕೆ ಮದ್ದು ಯೂನಿಕೋಡ್. ಅದರಲ್ಲಿ, ಅಂದರೆ ವೆಬ್‌ನಲ್ಲಿ ಬಳಸುವ ಯುಟಿಎಫ್-8ರಲ್ಲಿ, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. 'ಕ್ಷ' ಎಂದರೆ ಕ, ವಿರಾಮ, ಷ ಸೇರಿ 9 ಬೈಟ್. ಇಂಗ್ಲಿಷಿಗೆ ಅಕ್ಷರಕ್ಕೊಂದೇ ಬೈಟ್ ಎಂದು ಕೆಲವರು ಕೊರಗುತ್ತಾರೆ. ಕೊರಗಬೇಕಾದ್ದಿಲ್ಲ. 800 ಪದಗಳ ಕನ್ನಡ ಲೇಖನ 20 ಕೆಬಿ ಆಸುಪಾಸು. ಸರ್ವರ್ ಅದನ್ನು ಜಿಜಿಪ್‌ನಿಂದ ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ. ಅದೇ ಲೇಖನದ ಸ್ಕ್ಯಾನ್ ಚಿತ್ರ 2 ಎಂಬಿ ಎಂದರೂ ನೂರು ಪಟ್ಟು. ಊರಿನ ಹಳೆಯ ಹೆಸರು ಹೊತ್ತ ಪುಲಿಗೆರೆ ಉತ್ಸವದ ಹೊತ್ತಿಗೆ ಲಿಂಕು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿದಾಗ ಮಿತಿ ಮುಗಿದದ್ದು ಈ ಚಿತ್ರಗಳಿಂದಲೇ. ಹುಡುಕಿದರೆ ಗೂಗಲ್‌ನಲ್ಲಿ ಒಂದು ಸಾಲೂ ಸಿಗುತ್ತಿರಲಿಲ್ಲ. ಪಂಪ ಹೆಮ್ಮೆಯಿಂದ ನೆನೆದ ಪುಲಿಗೆರೆಯ ತಿರುಳ್ಗನ್ನಡ, ಅದೇ ಊರಿನ ಸೈಟಿನಲ್ಲಿ ಫೋಟೊ ಆಗಿ ಕೂತಿತ್ತು.

ಪರಿವರ್ತಕದಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡಿದೆವು. ಅರ್ಕಾವತ್ತು ಬಂದಲ್ಲೆಲ್ಲ ಮಷಿನ್ ಎಡವುತ್ತಿತ್ತು. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಸಾಲು ಸಾಲೂ ತಿದ್ದಿದರು. ಆ ತಿದ್ದುಪಡಿ ಬಿಟ್ಟು ಮುಂದೆ ಹೋಗುವ ಹಾಗೇ ಇಲ್ಲ.

ಇನ್ನು ಮೇಲ್. ಮುಂಡರಗಿಯ ಬೀಜ-ಗೊಬ್ಬರದ ಅಂಗಡಿಯವರ ಅಳಿಯ, ಜಾಸ್ತಿ ಜಿಬಿ ಸಿಗುತ್ತದೆಂದು ಸೈಟನ್ನು ಹೊಸ ಹೋಸ್ಟಿಂಗಿಗೆ ಒಯ್ದ. ಹೊಸ ಕಂಪನಿಯವರು ಹೇಳಿದಂತೆ, ಡೊಮೇನಿನ ದಾಖಲೆಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್ ಬದಲಿಸಿದ. ಸೈಟು ಬಂತು, ಮೇಲ್ ನಿಂತಿತು. ಹುಬ್ಬಳ್ಳಿಯ ಡೀಲರು ಕಳಿಸಿದ ಬಿಲ್ಲುಗಳು 550 ಎಂಬ ಅಂಕಿ ಹೊತ್ತು ವಾಪಸು ಹೋದವು. 550 ಎಂದರೆ ಖಾಯಂ ನಿರಾಕರಣೆ, ಹೆಚ್ಚಾಗಿ ಇಂಥ ವಿಳಾಸವೇ ಇಲ್ಲ ಎಂದು. ಕಳಿಸಿದ ಸರ್ವರ್ ಮತ್ತೆ ಯತ್ನಿಸುವುದಿಲ್ಲ.

ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವುದು ಡೊಮೇನಿನ ಎಂಎಕ್ಸ್ ದಾಖಲೆ. ನೇಮ್‌ಸರ್ವರ್ ಬದಲಾದರೆ ಹಳೆಯ ಎಂಎಕ್ಸ್ ತಾನಾಗಿ ಜೊತೆಗೆ ಬರುವುದಿಲ್ಲ. ಪುಣ್ಯಕ್ಕೆ ಹಳೆಯ ಖಾತೆ ಇನ್ನೂ ಜೀವಂತವಿತ್ತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ ತೆರೆದು, ಸೆಟ್ ಟೈಪ್=ಎಂಎಕ್ಸ್ ಎಂದು ಕೊಟ್ಟು, ಡೊಮೇನಿನ ಹೆಸರಾದ ಮೇಲೆ ಹಳೆಯ ನೇಮ್‌ಸರ್ವರ್ ಹೆಸರು ಬರೆದು ಅದನ್ನೇ ನೇರವಾಗಿ ಕೇಳಿದೆ. ಹಳೆಯ ಉತ್ತರ ಹಾಗೇ ಸಿಕ್ಕಿತು. ಅದನ್ನೂ, ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ಸಾಲನ್ನೂ ಹೊಸ ಕಡೆ ನಕಲು ಮಾಡಿದೆವು.

ಎಂಎಕ್ಸ್‌ನಲ್ಲಿ ಕಂಡ ಹೆಸರನ್ನೇ ಫೋನಿನ ಇನ್‌ಕಮಿಂಗ್ ಸರ್ವರ್ ಜಾಗದಲ್ಲಿ ತುಂಬಿ ಒದ್ದಾಡುವವರಿದ್ದಾರೆ. ಅದು ಮೇಲ್ ಯಾರ ಮನೆಯಲ್ಲಿದೆ ಎಂದಷ್ಟೇ ಹೇಳುತ್ತದೆ. ಗೂಗಲ್‌ನ ಹೆಸರು ಕಂಡರೆ ಜಿಮೇಲ್‌ನ ಸೆಟಿಂಗ್ಸ್. ನಿಮ್ಮ ಹೋಸ್ಟಿಂಗಿನ ಹೆಸರು ಕಂಡರೆ ಸಿಪ್ಯಾನೆಲ್‌ನ ಇಮೇಲ್ ಅಕೌಂಟ್ಸ್‌ನಲ್ಲಿ ಕನೆಕ್ಟ್ ಡಿವೈಸಸ್ ಒತ್ತಿ. ಅಲ್ಲಿ ಸರ್ವರ್ ಹೆಸರು, ಪೋರ್ಟು ಎಲ್ಲ ಬರೆದಿರುತ್ತದೆ. ಐಮ್ಯಾಪ್ ಆದರೆ 993, ಪಾಪ್ ಆದರೆ 995, ಹೊರಹೋಗಲು 465 ಅಥವಾ 587. ಯೂಸರ್‌ನೇಮ್ ಎಂದರೆ ಹೆಚ್ಚಿನ ಕಡೆ ಪೂರ್ತಿ ಇಮೇಲ್ ವಿಳಾಸ. "ಮೇಲ್ ಬರ್ತಾವ್ರೀ, ಹೋಗೂದಿಲ್ಲ" ಎಂದು ಫೋನು ಬಂದರೆ ನಾನು ಮೊದಲು ನೋಡುವುದು ಹೊರಹೋಗುವ ಪೋರ್ಟು. ಹಳೆಯ 25 ಇದ್ದರೆ ಅದನ್ನು ಎಷ್ಟೋ ಇಂಟರ್ನೆಟ್ ಕಂಪನಿಗಳು ತಡೆದಿರುತ್ತವೆ.

ಪಾಪ್, ಐಮ್ಯಾಪ್ ವ್ಯತ್ಯಾಸ ಶಿರಹಟ್ಟಿಯ ಪ್ರೆಸ್ಸೊಂದರವರಿಗೆ ಕಷ್ಟದಲ್ಲಿ ತಿಳಿಯಿತು. ಅಂಗಡಿ ಕಂಪ್ಯೂಟರಿನಲ್ಲಿ ಪಾಪ್ ಇತ್ತು. ಇಳಿಸಿಕೊಂಡ ಮೇಲ್ ಸರ್ವರಿನಿಂದ ಅಳಿಯುತ್ತಿತ್ತು. ಹಾರ್ಡ್‌ಡಿಸ್ಕ್ ಹೋದ ದಿನ ಲಗ್ನಪತ್ರಿಕೆಗೆ ಬಂದ ಮ್ಯಾಟರ್ ಎಲ್ಲವೂ ಹೋಯಿತು. ಐಮ್ಯಾಪ್ ಇಟ್ಟಿದ್ದರೆ ಸರ್ವರಿನಲ್ಲಿ ಇರುತ್ತಿತ್ತು.

ಕಂಪನಿ ಬದಲಿಸಲೇಬೇಕಾದರೆ ಬದಲಿಸಿ. ಮುಂಚೆ ಹಳೆಯ ಕಡೆಯ ನೇಮ್‌ಸರ್ವರ್, ಎಂಎಕ್ಸ್, ಎಸ್‌ಪಿಎಫ್ ಸಾಲುಗಳನ್ನು ಒಂದು ಹಾಳೆಯಲ್ಲಿ ಇಳಿಸಿಕೊಳ್ಳಿ, ಹೊಸ ಕಡೆ ಮೇಲ್ ಬರತೊಡಗುವವರೆಗೆ ಹಳೆಯ ಖಾತೆ ಮುಚ್ಚಬೇಡಿ. ಇವತ್ತೇ ಇನ್ನೊಂದು ವಿಚಾರಿಸಿ: ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ? ಸೈಟು ಮಾಡಿಕೊಟ್ಟ ಹುಡುಗನ ಹೆಸರು, ಅವನ ಇಮೇಲ್ ಅಲ್ಲಿದ್ದರೆ, ರಿನ್ಯೂವಲ್ ನೋಟಿಸು ಅವನಿಗೇ ಹೋಗುತ್ತದೆ. ಮುಂದಿನ ರಿನ್ಯೂವಲ್ ಬರುವುದರೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.