ಮನಸ್ಸು ಬರಲಿ ಎಂದು ಕಾಯಬೇಡಿ, ಮೊದಲು ಪಾಲಿಸಿ: ದೇವರ ಆಜ್ಞೆಗಳಿಂದ ಬಲ ಪಡೆಯುವ 10 ಸೂತ್ರಗಳು

ಕ್ರಿ.ಪೂ. 445ರ ಸುಮಾರು. ಯೆರೂಸಲೇಮಿನ ಗೋಡೆ 52 ದಿನಗಳಲ್ಲಿ ಎದ್ದು ನಿಂತಿತ್ತು. ಪ್ರಾಜೆಕ್ಟ್ ಮುಗಿದು ಇನ್ನೂ ವಾರ ಕಳೆದಿರಲಿಲ್ಲ, ಜನರೆಲ್ಲ ನೀರುಬಾಗಿಲ ಮುಂದಿನ ಬಯಲಿನಲ್ಲಿ ಸೇರಿದರು. ಮೋಶೆಯ ಧರ್ಮಶಾಸ್ತ್ರ ತಂದು ಓದುವಂತೆ ಶಾಸ್ತ್ರಿಯಾಗಿದ್ದ ಎಜ್ರನನ್ನು ಕೇಳಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ಓದಿದ, ಇವರು ಕಿವಿಗೊಟ್ಟು ಕೇಳಿದರು. ಕೇಳುತ್ತ ಕೇಳುತ್ತ ಅತ್ತರು. ತಾವು ಎಷ್ಟು ದೂರ ಬಂದುಬಿಟ್ಟಿದ್ದೇವೆ ಎಂಬುದು ಆ ಹೊತ್ತು ಅವರಿಗೆ ಗೊತ್ತಾಯಿತು.

ಆಗ ಅವರಿಗೆ ಸಿಕ್ಕಿದ್ದು ಬೈಗುಳವಲ್ಲ. ಅಳು ನಿಲ್ಲಿಸಿ, ಮನೆಗೆ ಹೋಗಿ ಹಬ್ಬದೂಟ ಮಾಡಿ, ಇಲ್ಲದವರಿಗೂ ಒಂದು ಪಾಲು ಕಳಿಸಿ ಎಂದು ದೇಶಾಧಿಪತಿ ನೆಹೆಮೀಯ ಹೇಳಿದ. ದೇವರು ಕೊಡುವ ಸಂತೋಷದಲ್ಲೇ ಅವರ ಬಲ ಇದೆ ಎಂದೂ ತಿಳಿಸಿದ. ಮರುದಿನ ಹಿರಿಯರು ಮತ್ತೆ ಓದಲು ಕುಳಿತರು. ಪರ್ಣಶಾಲೆಗಳ ಹಬ್ಬದ ಆಜ್ಞೆ ಕಣ್ಣಿಗೆ ಬಿತ್ತು. ಯೆಹೋಶುವನ ಕಾಲದಿಂದ ಯಾರೂ ಅದನ್ನು ಆ ರೀತಿ ಆಚರಿಸಿರಲಿಲ್ಲ. ಇವರು ಬೆಟ್ಟಕ್ಕೆ ಹೋಗಿ ಎಣ್ಣೆಮರದ, ಖರ್ಜೂರದ ಕೊಂಬೆಗಳನ್ನು ತಂದರು. ಮಾಳಿಗೆಯ ಮೇಲೆ, ಅಂಗಳದಲ್ಲಿ, ಬಯಲಿನಲ್ಲಿ ಪರ್ಣಶಾಲೆ ಕಟ್ಟಿ ಏಳು ದಿನ ಅದರಲ್ಲೇ ಇದ್ದರು. ಮಾತು ಅರ್ಥವಾದ ದಿನವೇ ಶುರುವಾಗಿದ್ದ ಸಂತೋಷ, ಪಾಲಿಸಿದ ವಾರದಲ್ಲಿ ಉಕ್ಕಿತು.

ಸ್ಟೂಡೆಂಟ್ ಆಗಿರಿ, ಕೆಲಸದಲ್ಲಿರಿ, ನಿಮಗೆ ಬೇಕಾದ ಒಳಗಿನ ಬಲಕ್ಕೂ ದಾರಿ ಇದೇ.

1. ಮನಸ್ಸು ಬರಲಿ ಎಂದು ಕಾಯಬೇಡಿ.

ಪ್ರಾರ್ಥಿಸಲು ಮನಸ್ಸಿಲ್ಲ ಎಂದರೆ ಪ್ರಾರ್ಥಿಸಿ. ಕ್ಷಮಿಸಲು ಮನಸ್ಸಿಲ್ಲ ಎಂದರೆ ಕ್ಷಮಿಸುವ ಮೊದಲ ಮಾತು ಆಡಿ. ಯೆರೂಸಲೇಮಿನ ಜನ ಸಂತೋಷ ಉಕ್ಕಿದ ಮೇಲೆ ಕೊಂಬೆ ಕಡಿಯಲು ಹೋದವರಲ್ಲ. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ: ನಂಬಿಕೆ ಗಟ್ಟಿಯಾಗಲಿ, ಆಮೇಲೆ ಪಾಲಿಸುತ್ತೇನೆ ಎನ್ನುತ್ತಾರೆ. ಅನುಮಾನ ಒಂದು ಅಭ್ಯಾಸ. ಕೂತು ಯೋಚಿಸಿದಷ್ಟೂ ಬೆಳೆಯುತ್ತದೆ, ಎದ್ದು ಕೆಲಸಕ್ಕೆ ಇಳಿದರೆ ಸೊರಗುತ್ತದೆ.

2. ಓದಿ. ಅರ್ಥವಾಗುವಂತೆ ಓದಿ.

ಎಜ್ರ ಓದುವಾಗ ಲೇವಿಯರು ಜನರಿಗೆ ವಿವರಿಸಿ ಹೇಳುತ್ತಿದ್ದರು. ಅರ್ಥವಾಗದ ಆಜ್ಞೆಯನ್ನು ಯಾರೂ ಖುಷಿಯಿಂದ ಪಾಲಿಸುವುದಿಲ್ಲ. ನಮ್ಮ ಪುಣ್ಯ ದೊಡ್ಡದು. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಪಟ್ಟ ಶ್ರಮದಿಂದ 1831ರ ಹೊತ್ತಿಗೇ ಪೂರ್ತಿ ಸತ್ಯವೇದ ಕನ್ನಡಕ್ಕೆ ಬಂದಿತ್ತು. ಈಗ ಅದು ನಿಮ್ಮ ಮೊಬೈಲ್‌ನಲ್ಲೇ ಇದೆ. ವಿಮೋಚನಕಾಂಡ 20ನೇ ಅಧ್ಯಾಯದ ಮೊದಲ 17 ವಚನಗಳಿಂದ ಶುರು ಮಾಡಿ. ನಂತರ 119ನೇ ಕೀರ್ತನೆಗೆ ಬನ್ನಿ. ಅದರಲ್ಲಿ 176 ವಚನ, 22 ಭಾಗ, ಭಾಗಕ್ಕೆ 8 ವಚನ. ಹೀಬ್ರೂ ಭಾಷೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಭಾಗ. ಅಷ್ಟುದ್ದಕ್ಕೂ ಆಜ್ಞೆಗಳನ್ನು ಹಾಡಿ ಹೊಗಳಿದ ಆ ಕವಿಗೆ ಅವು ಭಾರ ಎನಿಸಿರಲೇ ಇಲ್ಲ. ದಿನಕ್ಕೊಂದು ಭಾಗ ಓದಿ, 22 ದಿನ ಸಾಕು.

3. ಬಿಡುಗಡೆ ಮೊದಲು ಬಂತು, ಆಜ್ಞೆ ಆಮೇಲೆ ಬಂತು. ಇದನ್ನು ನೆನಪಿಡಿ.

ಇಸ್ರಾಯೇಲ್ಯರು ಐಗುಪ್ತದ ಗುಲಾಮಗಿರಿಯಿಂದ ಹೊರಬಂದು, ಸಮುದ್ರ ದಾಟಿ, ಮೂರನೇ ತಿಂಗಳಲ್ಲಿ ಸೀನಾಯಿ ಬೆಟ್ಟದ ಬುಡಕ್ಕೆ ತಲುಪಿದ ಮೇಲೆ ಅವರಿಗೆ ಹತ್ತು ಆಜ್ಞೆಗಳು ಸಿಕ್ಕವು. ಪಾಸಾದರೆ ಮಾತ್ರ ಬಿಡಿಸುತ್ತೇನೆ ಎಂದು ದೇವರು ಎಂಟ್ರೆನ್ಸ್ ಪರೀಕ್ಷೆ ಇಡಲಿಲ್ಲ. ಮೊದಲು ಬಿಡಿಸಿದ, ಆಮೇಲೆ ಬಿಡುಗಡೆಯಾದವರು ಹೇಗೆ ಬಾಳಬೇಕೆಂದು ಕಲಿಸಿದ. ದೇವರ ಪ್ರೀತಿ ಗಳಿಸಲು ಪಾಲಿಸುವವನಿಗೆ ಸದಾ ಭಯ. ಪ್ರೀತಿ ಸಿಕ್ಕಿದೆ ಎಂದು ಪಾಲಿಸುವವನಿಗೆ ಸದಾ ಧೈರ್ಯ. ನೀವು ಎರಡನೆಯವರಾಗಿ.

4. ತೀರ್ಮಾನವನ್ನು ಮುಂಚೆಯೇ ಮಾಡಿ.

ಎರಿಕ್ ಲಿಡೆಲ್ ಎಂಬ ಓಟಗಾರನನ್ನು ನಿಮ್ಮ ರೋಲ್ ಮಾಡೆಲ್ ಮಾಡಿಕೊಳ್ಳಿ. 1902ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಹುಟ್ಟಿದ, ಸ್ಕಾಟ್ಲೆಂಡಿನ ಮಿಷನರಿ ದಂಪತಿಯ ಮಗ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದಲ್ಲಿ ಬ್ರಿಟನ್ನಿನ ದೊಡ್ಡ ಭರವಸೆ. ಆದರೆ ಅದರ ಹೀಟ್ಸ್ ಭಾನುವಾರ ಇತ್ತು. ಭಾನುವಾರ ಕರ್ತನ ದಿನ, ಓಡುವುದಿಲ್ಲ ಎಂದ. ಭಾನುವಾರಕ್ಕೆ ಬಿದ್ದಿದ್ದ ರಿಲೇಗಳನ್ನೂ ಬಿಟ್ಟ. ಪತ್ರಿಕೆಗಳು ಟೀಕಿಸಿದವು, ಒತ್ತಡ ಬಂತು. ಆತ ಕದಲಲಿಲ್ಲ.

1981ರ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದಲ್ಲಿ ಹೀಟ್ಸ್ ಭಾನುವಾರ ಎಂಬ ಸುದ್ದಿ ಲಿಡೆಲ್‌ಗೆ ಹಡಗು ಹತ್ತುವಾಗ ತಿಳಿಯುತ್ತದೆ. ನಿಜವಾಗಿ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು. ನನಗೆ ಸಿನಿಮಾಕ್ಕಿಂತ ಈ ನಿಜವೇ ಹೆಚ್ಚು ಇಷ್ಟ. ಆತ ಮೊದಲೇ ನಿರ್ಧರಿಸಿ, ಉಳಿದ ತಿಂಗಳುಗಳಲ್ಲಿ 400 ಮೀಟರ್‌ಗೆ ತಯಾರಿ ನಡೆಸಿದ. ಜುಲೈ 11ರ ಫೈನಲ್‌ನಲ್ಲಿ 47.6 ಸೆಕೆಂಡಿಗೆ ಗುರಿ ಮುಟ್ಟಿ ಚಿನ್ನ ಗೆದ್ದ. 200 ಮೀಟರ್‌ನಲ್ಲೂ ಕಂಚು ಬಂತು.

ನಿಮ್ಮ ಪರೀಕ್ಷೆಯೂ ಗೊತ್ತಿರುವ ದಿನವೇ ಬರುತ್ತದೆ. ತಿಂಗಳ ಕೊನೆಗೆ ಟ್ರಾವೆಲ್ ಬಿಲ್ ಹಾಕುವಾಗ, ಪರೀಕ್ಷೆಯ ಹಾಲ್‌ನಲ್ಲಿ ಪಕ್ಕದವನು ಚೀಟಿ ಚಾಚಿದಾಗ, ಟೀಮ್ ಪಾರ್ಟಿಯಲ್ಲಿ. ಏನು ಮಾಡುತ್ತೀರಿ ಎಂಬುದನ್ನು ಇವತ್ತೇ ಬರೆದಿಡಿ. ಆ ಕ್ಷಣದಲ್ಲಿ ಯೋಚಿಸುತ್ತೇನೆ ಎನ್ನುವವನು ಆಗಲೇ ಅರ್ಧ ಸೋತಿದ್ದಾನೆ.

5. ಇಲ್ಲ ಎನ್ನಿ, ವಿನಯದಿಂದ ಎನ್ನಿ, ಬದಲಿ ದಾರಿಯನ್ನೂ ತೋರಿಸಿ.

ದಾನಿಯೇಲ ಬಾಬೆಲಿನ ಅರಮನೆಯ ಟ್ರೇನಿ. ಊಟ ರಾಜನ ಅಡುಗೆಮನೆಯಿಂದ ಬರುತ್ತಿತ್ತು. ಅದನ್ನು ಮುಟ್ಟಿ ಅಶುದ್ಧನಾಗಬಾರದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ. ತಟ್ಟೆ ನೂಕಿ ಗಲಾಟೆ ಎಬ್ಬಿಸಲಿಲ್ಲ. ಮೇಲಧಿಕಾರಿಯ ಬಳಿ ಹೋಗಿ ಕೇಳಿಕೊಂಡ. ಆತನಿಗೆ ತನ್ನ ತಲೆಯದೇ ಚಿಂತೆ: ಹುಡುಗರು ಬಡಕಲಾದರೆ ರಾಜ ಬಿಡುತ್ತಾನೆಯೇ? ದಾನಿಯೇಲ ಮೇಲ್ವಿಚಾರಕನ ಮುಂದೆ ಒಂದು ಟ್ರಯಲ್ ಇಟ್ಟ: ಹತ್ತು ದಿನ ನನಗೂ ನನ್ನ ಮೂವರು ಗೆಳೆಯರಿಗೂ ಬರೀ ಕಾಯಿಪಲ್ಯ ಮತ್ತು ನೀರು ಕೊಡಿ, ಆಮೇಲೆ ನೀವೇ ನೋಡಿ ತೀರ್ಮಾನಿಸಿ. ಹತ್ತು ದಿನದ ಮೇಲೆ ಅವನೂ ಮೂವರು ಗೆಳೆಯರೂ ಮಿಕ್ಕವರಿಗಿಂತ ಪುಷ್ಟಿಯಾಗಿ ಕಂಡರು.

ಇದನ್ನು ಆಫೀಸಿನಲ್ಲಿ ಪ್ರಯೋಗಿಸಿ. ಭಾನುವಾರದ ಶಿಫ್ಟ್ ಬೇಡವೇ? ಶನಿವಾರ ಹೆಚ್ಚುವರಿ ಕೆಲಸ ಮಾಡುತ್ತೇನೆ, ಒಂದು ತಿಂಗಳು ನೋಡಿ ಸರ್ ಎಂದು ಕೇಳಿ. ಮೇಲಿನವರ ಆತಂಕ ಏನೆಂದು ತಿಳಿದು ಅದಕ್ಕೆ ಉತ್ತರ ಒಯ್ಯಿರಿ. ದೇವರಿಗೆ ವಿಧೇಯರಾಗುವವರು ಮನುಷ್ಯರ ಜೊತೆ ಒರಟಾಗಬೇಕಿಲ್ಲ.

6. ಒಂದು ವಾರಕ್ಕೆ ಒಂದೇ ಆಜ್ಞೆ ಹಿಡಿಯಿರಿ.

ತಂದೆ ತಾಯಿಯನ್ನು ಸನ್ಮಾನಿಸುವ ವಾರ: ದಿನಾ ಸಂಜೆ ಊರಿಗೆ ಫೋನ್ ಮಾಡಿ, ಅವಸರ ಮಾಡದೆ ಮಾತಾಡಿ. ಕದಿಯಬಾರದು ಎಂಬ ವಾರ: ಪ್ರಾಕ್ಸಿ ಅಟೆಂಡೆನ್ಸ್ ನಿಲ್ಲಿಸಿ, ರೆಸ್ಯೂಮೆಯಲ್ಲಿ ಇಲ್ಲದ ಅನುಭವ ಅಳಿಸಿ. ಸುಳ್ಳು ಸಾಕ್ಷಿ ಹೇಳಬಾರದು ಎಂಬ ವಾರ: ಮೀಟಿಂಗ್‌ನಲ್ಲಿ ನಿಮ್ಮ ತಪ್ಪನ್ನು ಸಹೋದ್ಯೋಗಿಯ ಮೇಲೆ ಹಾಕಬೇಡಿ. ಬೇರೆಯವರದ್ದನ್ನು ಆಶಿಸಬಾರದು ಎಂಬ ವಾರ: ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆಯವರ ಕಾರು, ಮದುವೆ, ವಿದೇಶ ಪ್ರವಾಸ ನೋಡುತ್ತ ಕೂರಬೇಡಿ. ಸಣ್ಣದಾಗಿ ಶುರುವಾದ ವಿಧೇಯತೆ ಕೈಗೆ ಹತ್ತುತ್ತದೆ. ಎಲ್ಲವನ್ನೂ ಒಂದೇ ಸಲ ಹಿಡಿದರೆ ಬುಧವಾರಕ್ಕೇ ಸುಸ್ತಾಗುತ್ತೀರಿ.

7. ವಿಶ್ರಾಂತಿಗೂ ಪ್ಲಾನ್ ಮಾಡಿ.

ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಮನ್ನ ಎಂಬ ಆಹಾರ ಬೀಳುತ್ತಿದ್ದಾಗ ದಿನದ ಪಾಲು ದಿನ ಕೂಡಿಸಬೇಕಿತ್ತು. ಮರುದಿನಕ್ಕೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಆರನೇ ದಿನ ಮಾತ್ರ ಎರಡು ಪಾಲು ಸಿಕ್ಕಿತು, ಅದು ಕೆಡಲಿಲ್ಲ. ಏಳನೇ ದಿನ ಹುಡುಕಿಕೊಂಡು ಹೋದವರಿಗೆ ಏನೂ ಸಿಗಲಿಲ್ಲ. ಸಬ್ಬತ್ ಎಂಬ ಈ ವಿಶ್ರಾಂತಿ ದಿನದ ಆಚರಣೆ ನಡೆಯುವುದು ಹಿಂದಿನ ದಿನದ ತಯಾರಿಯಿಂದ. ಅಸೈನ್‌ಮೆಂಟ್ ಶನಿವಾರ ಸಂಜೆಗೇ ಮುಗಿಸಿ. ಬಟ್ಟೆ ಇಸ್ತ್ರಿ ಮಾಡಿಡಿ. ಆಫೀಸ್ ಮೇಲ್‌ನ ನೋಟಿಫಿಕೇಶನ್ ಆಫ್ ಮಾಡಿ. ನಾನು ಒಂದು ದಿನ ನಿಂತರೂ ಲೋಕವನ್ನು ದೇವರು ನಡೆಸುತ್ತಾನೆ ಎಂದು ನಂಬಿ ಮಲಗುವವನಿಗೆ ಸೋಮವಾರ ಹೊಸ ಕಸುವು ಸಿಗುತ್ತದೆ.

8. ಪ್ರಮೋಷನ್ ಜೊತೆ ಗಂಟು ಹಾಕಬೇಡಿ.

ಐಗುಪ್ತದಲ್ಲಿ ಗುಲಾಮನಾಗಿದ್ದ ಯೋಸೇಫ, ತನ್ನ ಸಂಗಡ ಮಲಗಲು ಕರೆದ ಯಜಮಾನನ ಹೆಂಡತಿಗೆ ಒಲ್ಲೆ ಎಂದ. ಸಿಕ್ಕಿದ್ದು ಸುಳ್ಳು ಆರೋಪ ಮತ್ತು ಸೆರೆಮನೆ. ಆಜ್ಞೆ ಪಾಲಿಸಿದರೆ ಸಂಬಳ ಏರುತ್ತದೆ, ಕಾಯಿಲೆ ಬರುವುದಿಲ್ಲ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಸತ್ಯವೇದ ಹೇಳುವುದು ಅದಕ್ಕಿಂತ ಗಟ್ಟಿಯಾದದ್ದು: ಸೆರೆಮನೆಯಲ್ಲೂ ದೇವರು ಯೋಸೇಫನ ಸಂಗಡ ಇದ್ದ. ಅಲ್ಲೂ ಅವನು ಜವಾಬ್ದಾರಿ ಹೊತ್ತ, ಮುಖ ಸಪ್ಪಗಿದ್ದ ಇಬ್ಬರು ಕೈದಿಗಳನ್ನು ತಾನೇ ವಿಚಾರಿಸಿದ. ಯೇಸು ಸ್ವಾಮಿ ಶಿಷ್ಯರಿಗೆ ಆಜ್ಞೆಗಳಲ್ಲಿ ನೆಲೆಗೊಳ್ಳಲು ಹೇಳಿ, ಅವರ ಆನಂದ ಪೂರ್ಣವಾಗಲೆಂದೇ ಇದನ್ನು ಹೇಳುತ್ತಿದ್ದೇನೆ ಎಂದದ್ದು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ. ಆ ಆನಂದ ಪರಿಸ್ಥಿತಿಯನ್ನು ನೆಚ್ಚಿಕೊಂಡದ್ದಲ್ಲ. ಅಪ್ರೈಸಲ್ ಕೆಟ್ಟುಹೋದ ವಾರವೂ ಅದು ನಿಮ್ಮ ಕೈಯಲ್ಲಿರುತ್ತದೆ.

9. ಆಜ್ಞೆಯ ಹಿಂದಿರುವ ಪ್ರೀತಿಯನ್ನು ಬಿಡಬೇಡಿ.

ಲಿಡೆಲ್ 1925ರಲ್ಲಿ ಮಿಷನರಿಯಾಗಿ ಚೀನಾಕ್ಕೆ ಮರಳಿದ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವನನ್ನು ವೈಹ್ಸಿಯನ್ ಬಂಧನ ಶಿಬಿರದಲ್ಲಿ ಇಟ್ಟರು. ಅಪ್ಪ ಅಮ್ಮನಿಂದ ದೂರವಾದ ಮಕ್ಕಳಿಗೆ ಅಲ್ಲಿ ಆತ ಪಾಠ ಹೇಳಿದ, ಆಟ ಆಡಿಸಿದ. ಭಾನುವಾರ ಮಾತ್ರ ಆಟ ಇಲ್ಲ. ಹುಡುಗರು ತಾವೇ ಹಾಕಿ ಆಡಲು ಹೋಗಿ ಜಗಳಕ್ಕೆ ಬಿದ್ದರು. ಆಗ ಒಲಿಂಪಿಕ್ ಚಿನ್ನವನ್ನು ಭಾನುವಾರಕ್ಕಾಗಿ ಬಿಡಲು ಸಿದ್ಧನಿದ್ದ ಅದೇ ಮನುಷ್ಯ, ಭಾನುವಾರ ಮೈದಾನಕ್ಕಿಳಿದು ಆ ಮಕ್ಕಳಿಗೆ ರೆಫರಿಯಾದ. 1945ರ ಫೆಬ್ರವರಿ 21ರಂದು, ಯುದ್ಧ ಮುಗಿಯುವ ಕೆಲವೇ ತಿಂಗಳ ಮೊದಲು, ಅದೇ ಶಿಬಿರದಲ್ಲಿ ತೀರಿಕೊಂಡ. ಆಗ ವಯಸ್ಸು 43.

ಇದು ರಾಜಿ ಎಂದು ನನಗೆ ಅನ್ನಿಸುವುದಿಲ್ಲ. ತನ್ನ ಗೆಲುವಿಗಾಗಿ ಮುರಿಯದ ನಿಯಮವನ್ನು ಆತ ಮಕ್ಕಳ ಒಳಿತಿಗಾಗಿ ಸಡಿಲಿಸಿದ. ದೇವರನ್ನು ಪ್ರೀತಿಸುವುದು, ನೆರೆಯವನನ್ನು ಪ್ರೀತಿಸುವುದು, ಧರ್ಮಶಾಸ್ತ್ರವೆಲ್ಲ ಈ ಎರಡರ ಮೇಲೆ ನಿಂತಿದೆ ಎಂದು ಯೇಸು ಕಲಿಸಿದ್ದನ್ನು ಲಿಡೆಲ್ ಬಾಳಿ ತೋರಿಸಿದ. ನಿಯಮ ಸಡಿಲಿಸಬೇಕು ಎನಿಸಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಲಾಭ ನನಗೋ, ಅವರಿಗೋ?

10. ತಪ್ಪಿದರೆ ಕೊರಗಬೇಡಿ, ಸರಿಪಡಿಸಿ.

ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯ ಯೇಸುವನ್ನು ಸಂತೋಷದಿಂದ ಮನೆಗೆ ಸೇರಿಸಿಕೊಂಡ. ಅಷ್ಟಕ್ಕೇ ನಿಲ್ಲದೆ ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಪಶ್ಚಾತ್ತಾಪಕ್ಕೆ ಮೊತ್ತ ಇರಬೇಕು, ಯಾರಿಗೆ ಎಂಬುದು ಇರಬೇಕು. ಬರೀ ಬೇಸರ ಬಲ ಕುಗ್ಗಿಸುತ್ತದೆ, ಸರಿಪಡಿಸಿದ ತಪ್ಪು ಬೆನ್ನು ನೆಟ್ಟಗಾಗಿಸುತ್ತದೆ.

ರೂಮ್‌ಮೇಟ್‌ಗೆ ಸಾಲ ಬಾಕಿ ಇದೆಯೇ? ಮೊತ್ತ ಮತ್ತು ತಾರೀಕು ಬರೆದು ಮೆಸೇಜ್ ಕಳಿಸಿ. ಸುಳ್ಳು ಬಿಲ್‌ನಿಂದ ಹಣ ಬಂದಿದೆಯೇ? ಅಕೌಂಟ್ಸ್‌ಗೆ ಹೋಗಿ ಹಿಂದಿರುಗಿಸಿ, ಏನಾಯಿತೆಂದು ಮ್ಯಾನೇಜರ್‌ಗೆ ನೀವೇ ಹೇಳಿ. ಕಾರಣಗಳ ಪಟ್ಟಿ ಸೇರಿಸಬೇಡಿ. ಒಬ್ಬರೇ ಹೋಗಲು ಕಾಲು ಬರದಿದ್ದರೆ ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.